ಸೆನ್ಸರ್ ಕೋಲು ನಮ್ಮ ಮಳೇಲಿ ಬಾಳಿಕೆ ಬರುತ್ತಾ?

ಕಾಪಿತೋಟ_ಹುಡ್ಗ: ಪೊನ್ನಂಪೇಟೆ ಕಡೆ ಇಂಜಿನಿಯರಿಂಗ್ ಫೈನಲ್ ಇಯರ್. ಕಣ್ಣು ಕಾಣದ ನಮ್ಮ ಮಾವನಿಗೆ ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದ ಕಳಿಸಿ ಅಡ್ಡ ಇರೋದನ್ನ ಪತ್ತೆ ಮಾಡೋ) ಕೋಲು ಮಾಡ್ತಿದೀವಿ, ಎಚ್‌ಸಿ-ಎಸ್‌ಆರ್04 ಸೆನ್ಸರ್, ಅಡ್ಡ ಏನಾದ್ರೂ ಬಂದ್ರೆ ಬಝರ್ ಹೊಡ್ಯುತ್ತೆ. ಲ್ಯಾಬಲ್ಲಿ ಸೂಪರ್, ಆದ್ರೆ ಜುಲೈ ಮಳೇಲಿ ಅಂಗಳಕ್ಕೆ ತಗೊಂಡು ಹೋದ್ರೆ ಸತ್ತೇ ಹೋಯ್ತು. ಏನ್ ಮಾಡೋದು?

ಮಡಿಕೇರಿ_ಮಂಜು: ಆ ಸೆನ್ಸರ್ ಮುಖ ಬರೀ ಜಾಲರಿ ಗುರೂ, ನೀರು ಒಳಗೇ ಹೋಗುತ್ತೆ. ಜೆಎಸ್‌ಎನ್-ಎಸ್‌ಆರ್04ಟಿ ಹಾಕಿ, ಕಾರ್ ಪಾರ್ಕಿಂಗ್ ಸೆನ್ಸರ್ ತರ ಮುಚ್ಚಿರುತ್ತೆ. ಆದ್ರೆ ತೀರಾ ಹತ್ರ, ಸುಮಾರು 20-25 ಸೆಂಮೀ ಒಳಗಿರೋದು ಅದಕ್ಕೆ ಗೊತ್ತಾಗಲ್ಲ, ಸರ್ಕ್ಯೂಟ್ ಬೋರ್ಡನ್ನೂ ಡಬ್ಬೀಲಿ ಬೇರೆ ಮುಚ್ಚಬೇಕು.

ಕೋಲು_ಹಿಡಿದವ: ನನಗೂ ಕಣ್ಣು ಕಾಣಲ್ಲ, ಸೋಮವಾರಪೇಟೆ. ಮೊದ್ಲು ಆ ಬಝರ್ ಕಿತ್ತಾಕಿ! ನಾವು ದಾರಿ ಹಿಡಿಯೋದೇ ಕಿವೀಲಿ, ಅದರ ಮೇಲೆ ಪೀಂ ಪೀಂ ಅಂದ್ರೆ ಹಿಂದೆ ಬರೋ ಜೀಪೂ ಕೇಳಲ್ಲ, ಜೋರು ಮಳೇಲಿ ಬಝರೂ ಕೇಳಲ್ಲ. ವೈಬ್ರೇಷನ್ ಇಡಿ. ಐಐಟಿ ದೆಹಲಿಯವರ ಸ್ಮಾರ್ಟ್‌ಕೇನ್, 2014ರಲ್ಲಿ ಬಂದಿದ್ದು, ಹಾಗೇ ಕೈಗೆ ನಡುಕ ಕೊಡುತ್ತೆ, ಮಾಮೂಲಿ ಬಿಳಿ ಕೋಲಿಗೇ ಸಿಕ್ಕಿಸೋದು. ನೆಲ ಕೋಲು ನೋಡ್ಕೊಳ್ಳುತ್ತೆ, ಮೊಣಕಾಲಿಂದ ಮೇಲಿನದ್ದು ಸೆನ್ಸರ್. ನನಗೆ ಹಣೆಗೆ ಬಡಿಯೋದು ಸಿಲ್ವರ್ ಓಕ್ ಕೊಂಬೆ, ಜೀಪಿನ ಕನ್ನಡಿ, ಚರಂಡಿ ಅಲ್ಲ. ಹೋದ ವರ್ಷ ಒಂದು ಟೀಮ್ ಬಂದು ಫೋಟೋ ತಗೊಂಡು ಕೋಲು ಕೊಟ್ಟು ಹೋದ್ರು, ಚಾರ್ಜಿಂಗ್ ಪಿನ್ ತೂತು ಯಾವ ಕಡೆ ಅಂತ ಬೆರಳಿಗೆ ಸಿಗೋ ಹಾಗೆ ಒಂದು ಗುರುತೂ ಇಲ್ಲ.

ಕಾಪಿತೋಟ_ಹುಡ್ಗ: ಅಣ್ಣಾ ನಾಚಿಕೆ ಆಯ್ತು, ಮಾವನ್ನ ಒಂದ್ಸಲಾನೂ ಕೇಳಿರ್ಲಿಲ್ಲ. ಈಗ ಕೇಳ್ದೆ, ತೂಕ ಜಾಸ್ತಿ ಮಣಿಕಟ್ಟು ನೋಯುತ್ತೆ ಅಂದ್ರು. ಬ್ಯಾಟರಿ ಚಿಕ್ಕದು ಮಾಡ್ತೀವಿ.