'ಅಳಿದ ಹೆಸರು' ಮತ್ತು 'ಬಿಟ್ಟ ಹೆಸರು': ಮನೆತನದ ಹೆಸರುಗಳ ಏರಿಳಿತಕ್ಕೆ ಯಾವ ಪದ?

ಮಾನ್ಯರೆ,

ಉಡುಪಿ ಸಮೀಪದ ಹಳೆಯ ಶಾಲೆಯೊಂದರ ಸ್ಮರಣಸಂಚಿಕೆಗಾಗಿ ದಾಖಲಾತಿ ಪುಸ್ತಕಗಳಿಂದ ಹೆಸರುಗಳನ್ನು ಪಟ್ಟಿಮಾಡುವಾಗ ಎದುರಾದ ಒಂದು ಪದಸಮಸ್ಯೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಒಂದೇ ಮನೆಯ ಮೂರು ತಲೆಮಾರಿನವರು ಆ ಪುಸ್ತಕಗಳಲ್ಲಿ ಸಿಗುತ್ತಾರೆ. ಅಜ್ಜನ ಹೆಸರಿನೊಡನೆ 'ಪೂಜಾರಿ' ಎಂದಿದೆ, ಮಗನಿಗೆ ಊರಿನ ಮೊದಲಕ್ಷರ ಮಾತ್ರ ಇದೆ, ಮೊಮ್ಮಗಳ ಹೆಸರಿಗೆ 'ಕೋಟ್ಯಾನ್' ಸೇರಿದೆ. ಹಳೆಯ ಪುಟಗಳಲ್ಲಿ ಸಾಲುಸಾಲಾಗಿದ್ದ ಪೂಜಾರಿಗಳು ಈಚಿನ ಪುಟಗಳಲ್ಲಿ ವಿರಳವಾಗಿ, ಕೋಟ್ಯಾನ್, ಸುವರ್ಣ, ಅಮೀನ್, ಬಂಗೇರ, ಸಾಲ್ಯಾನ್‌ಗಳು ಹೆಚ್ಚುತ್ತ ಬಂದಿದ್ದಾರೆ. ಮನೆಗಳು ಅವೇ, ಬರೆಸುವ ರೀತಿ ಬೇರೆ.

ಇವನ್ನೆಲ್ಲ ಒಟ್ಟಾಗಿ ಏನೆಂದು ಕರೆಯಬೇಕೆಂಬುದು ಮೊದಲ ತೊಡಕು. 'ಅಡ್ಡಹೆಸರು' ಉತ್ತರ ಕರ್ನಾಟಕದಲ್ಲಿ ಸಲ್ಲುತ್ತದೆ. ನಮ್ಮ ಕಡೆ ಅಡ್ಡಹೆಸರೆಂದರೆ ಗೆಳೆಯರು ತಮಾಷೆಗೆ ಇಟ್ಟದ್ದೆಂದೇ ಹೆಚ್ಚಿನವರು ತಿಳಿಯುತ್ತಾರೆ. 'ಕುಲನಾಮ' ಎಂದರೆ ಪೂಜಾರಿಗೆ ಒಪ್ಪೀತು, ಕೋಟ್ಯಾನ್‌ಗೆ ಒಪ್ಪದು, ಏಕೆಂದರೆ ಅದು ತುಳುವಿನ 'ಬರಿ', ಅಂದರೆ ತಾಯಿಯ ಕಡೆಯಿಂದ ಬರುವ ಬಳಿ (ವಂಶದ ಗುಂಪು). ಬಿಲ್ಲವರಲ್ಲಿಯೂ ಮೊಗವೀರರಲ್ಲಿಯೂ ಬರಿಯ ಹೆಸರೇ ಈಗ ಮನೆತನದ ಹೆಸರಾಗಿದೆ. ಬಂಟರಲ್ಲಿ ಶೆಟ್ಟಿ, ರೈ, ಹೆಗ್ಡೆ, ಆಳ್ವ ಎಂಬವು ಬೇರೆ, ಬರಿ ಬೇರೆ. ಕ್ರೈಸ್ತರ ಡಿಸೋಜ, ಪಿಂಟೊ, ಲೋಬೊಗಳು ದೀಕ್ಷಾಸ್ನಾನದೊಡನೆ ಬಂದ ಪೋರ್ಚುಗೀಸ್ ಹೆಸರುಗಳಾದುದರಿಂದ, ಇಬ್ಬರು ಡಿಸೋಜರು ಒಂದೇ ಮೂಲದವರೆಂದು ಹೇಳಲು ಬರುವುದಿಲ್ಲ.

ಮೇಲೆ ಹೇಳಿದ ಮೊಮ್ಮಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಮನೆಯ ಹಿರಿಯರನ್ನು ಕೇಳಿದಾಗ ತಿಳಿದದ್ದೇನೆಂದರೆ, ಕೋಟ್ಯಾನ್ ಎಂಬುದು ಆಕೆಯ ತಂದೆಯ ಬರಿ, ತಂದೆಗೆ ಅದು ಬಂದದ್ದು ಅವರ ತಾಯಿಯಿಂದ. ಆಕೆಯ ಸ್ವಂತ ಬರಿ ಸುವರ್ಣ. ಮದುವೆಯ ಮಾತುಕತೆಯಲ್ಲಿ "ಬರಿ ಒವು?" (ಬರಿ ಯಾವುದು?) ಎಂದು ಯಾರಾದರೂ ಕೇಳಿದರೆ ಉತ್ತರ ಸುವರ್ಣ, ಶಾಲೆಯ ಪುಸ್ತಕದಲ್ಲಿ ಉತ್ತರ ಕೋಟ್ಯಾನ್. ಒಂದೇ ಬರಿಯವರೊಳಗೆ ಮದುವೆ ಸಲ್ಲದಾದುದರಿಂದ ಈ ವ್ಯತ್ಯಾಸ ಬರಿಯ ಕುತೂಹಲದ ವಿಷಯವಲ್ಲ (ಇಲ್ಲಿನ 'ಬರಿಯ' ಕನ್ನಡದ್ದು, ಕ್ಷಮಿಸಬೇಕು).

ಎರಡನೆಯ ತೊಡಕು ಕ್ರಿಯಾಪದದ್ದು. ಹೆಸರೊಂದು ಕಡಿಮೆಯಾಗುವುದಕ್ಕೆ ಎರಡು ದಾರಿಗಳಿವೆ: ಹೊತ್ತವರ ಸಂತತಿ ನಿಲ್ಲುವುದು ಒಂದು, ಸಂತತಿ ಇದ್ದೂ ಹೆಸರನ್ನು ಬಿಡುವುದು ಇನ್ನೊಂದು. ಮೊದಲನೆಯದನ್ನು 1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಲೆಕ್ಕದ ಪ್ರಶ್ನೆಯಾಗಿ ಮುಂದಿಟ್ಟರು. ಮರುವರ್ಷ ಹೆನ್ರಿ ವಾಟ್ಸನ್ ಅವರೊಡನೆ ಅದರ ಗಣಿತವನ್ನು ಪ್ರಕಟಿಸಿದರು. ಅಲ್ಲಿ ಹೆಸರು ಗಂಡುಮಕ್ಕಳ ಮೂಲಕ ಸಾಗುವುದರಿಂದ ಅವರು ಗಂಡುಮಕ್ಕಳನ್ನು ಮಾತ್ರ ಎಣಿಸಿದರು. ಒಬ್ಬರಿಗೆ ಸರಾಸರಿ ಒಂದಕ್ಕಿಂತ ಕಡಿಮೆ ಗಂಡುಮಕ್ಕಳಿದ್ದರೆ ಹೆಸರು ಎಂದಾದರೂ ಅಳಿಯುವುದು ಖಂಡಿತ, ಹೆಚ್ಚಿದ್ದರೂ ಅಳಿಯುವ ಸಂಭವ ತಪ್ಪಿದ್ದಲ್ಲ. ಬರಿಗೆ ಇದೇ ಲೆಕ್ಕವನ್ನು ಹೆಣ್ಣುಮಕ್ಕಳ ಮೇಲೆ ಹಾಕಬೇಕು.

ಈ ಲೆಕ್ಕಕ್ಕೆ ಬೇಕಾದ ಪದ ನಮ್ಮಲ್ಲಿ ಆಗಲೇ ಇದೆ ಎಂಬುದು ನನ್ನ ಅಭಿಪ್ರಾಯ. ಹೆಣ್ಣಿನ ವಂಶದಲ್ಲಿ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿಗೆಂದು ಬಂದ 1949ರ ಮದರಾಸು ಅಳಿಯಸಂತಾನ ಕಾಯಿದೆ ಇಂಗ್ಲಿಷಿನಲ್ಲಿದ್ದರೂ 'ಸಂತತಿ ಕವರು', 'ನಿಸ್ಸಂತತಿ ಕವರು' ಎಂಬ ಪದಗಳನ್ನು ಹಾಗೆಯೇ ಇಟ್ಟುಕೊಂಡಿತು. ಕವರು ಎಂದರೆ ಕವಲು, ಅಂದರೆ ಒಬ್ಬ ಹೆಣ್ಣು ಮತ್ತು ಹೆಣ್ಣಿನ ವಂಶದಲ್ಲಿ ಬಂದ ಅವಳ ಸಂತತಿ. ಅದರಲ್ಲಿ ಐವತ್ತು ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಅದು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ. ಆಸ್ತಿಯ ಪಾಲಿಗೆಂದು ಹುಟ್ಟಿದ ಈ ಭೇದ ಹೆಸರಿನ ಅಳಿವಿಗೂ ಚೆನ್ನಾಗಿ ಹೊಂದುತ್ತದೆ. ಆದರೆ ಪೂಜಾರಿಯಿಂದ ಕೋಟ್ಯಾನ್‌ಗೆ ಸರಿದುದು ನಿಸ್ಸಂತತಿಯಲ್ಲ. ಮುಂಬಯಿಯ ಕೆಲಸಕ್ಕೋ ಕೊಲ್ಲಿ ದೇಶಕ್ಕೆ ಹೋಗುವ ಪಾಸ್‌ಪೋರ್ಟಿಗೋ ಹೆಸರಿನ ಕೊನೆಗೊಂದು ಪದ ಬೇಕಾದಾಗ ಮೊದಲಕ್ಷರದಲ್ಲೇ ಸಾಗುತ್ತಿದ್ದವರು ಬರಿಯನ್ನು ಎತ್ತಿಕೊಂಡದ್ದೂ ಉಂಟು. ಇದನ್ನು 'ಹೆಸರು ಅಳಿಯಿತು' ಎಂದು ಬರೆದರೆ ತಪ್ಪಾಗುತ್ತದೆ. ಸದ್ಯಕ್ಕೆ ನಾನು 'ಬಿಟ್ಟ ಹೆಸರು', 'ಹಿಡಿದ ಹೆಸರು' ಎಂದು ಬರೆಯುತ್ತಿದ್ದೇನೆ.

ಹೆಸರು ಎಷ್ಟು ಸಾಮಾನ್ಯ ಎಂಬುದಕ್ಕೆ 'ಬಾಹುಳ್ಯ' ಎಂದಿಟ್ಟುಕೊಂಡಿದ್ದೇನೆ. "ಭಟ್ರು ಬಂದರು" ಎಂದರೆ "ಯಾವ ಭಟ್ರು?" ಎಂದು ಕೇಳಬೇಕಾಗುವ ಊರುಗಳಲ್ಲಿ ಬಾಹುಳ್ಯವೇ ಇನ್ನೊಂದು ಹೆಸರನ್ನು ಹುಟ್ಟಿಸುತ್ತದೆ; ಸಾಹಿತಿಗಳಾದ ಸೇಡಿಯಾಪು ಕೃಷ್ಣ ಭಟ್ಟರೂ ಕಡೆಂಗೋಡ್ಲು ಶಂಕರ ಭಟ್ಟರೂ ಸೇಡಿಯಾಪು, ಕಡೆಂಗೋಡ್ಲು ಎಂದಷ್ಟೇ ಹೇಳಿದರೂ ಗೊತ್ತಾಗುವಂತಾದರು.

ತಾವು ತಿಳಿಸಬೇಕಾದುದು ಇಷ್ಟು: ಬರಿ, ಕುಲ, ಊರು, ದೀಕ್ಷೆ ಈ ನಾಲ್ಕರಿಂದ ಬಂದ ಹೆಸರುಗಳನ್ನೂ ಒಳಗೊಳ್ಳುವ, ಕುಂದಾಪುರದಿಂದ ಕಾಸರಗೋಡಿನವರೆಗೆ ಮಾತಿನಲ್ಲಿರುವ ಪದವೊಂದು ಇದೆಯೇ? 'ಬಿಟ್ಟ ಹೆಸರು' ಎಂಬುದಕ್ಕೆ ತಮ್ಮ ಹಿರಿಯರು ಬೇರೇನಾದರೂ ಹೇಳುತ್ತಿದ್ದರೇ?