ಬೀಮ್ 60 ಮಿ.ಮೀ. ಮೋಟಾಗಿದೆ: ತುಂಡು ಸೇರಿಸಿ ವೆಲ್ಡ್ ಮಾಡಬಹುದೇ?

ಪ್ರಶ್ನೆ

ಡ್ರಾಯಿಂಗ್‌ನ ಹಳೆಯ ಪ್ರತಿಯನ್ನು ನೋಡಿ ಕತ್ತರಿಸಿದ್ದರಿಂದ ನಮ್ಮ ಕೆಲಸದಲ್ಲಿ ಎರಡು ಐ-ಬೀಮ್‌ಗಳು 60 ಮಿ.ಮೀ. ಮೋಟಾಗಿವೆ. ಬೀಮ್‌ನ ಆಳ 400 ಮಿ.ಮೀ., ಫ್ಲಾಂಜ್‌ನ (ಮೇಲೂ ಕೆಳಗೂ ಇರುವ ಅಡ್ಡ ಪಟ್ಟಿ) ದಪ್ಪ 16, ವೆಬ್‌ನ (ಅವೆರಡನ್ನು ಸೇರಿಸುವ ನಡುವಿನ ನಿಂತ ಪಟ್ಟಿ) ದಪ್ಪ 9. ಸ್ಪ್ಯಾನ್ (ಆಧಾರಗಳ ನಡುವಿನ ದೂರ) 7 ಮೀಟರ್. ತುದಿಗಳಿಗೆ ಎಂಡ್ ಪ್ಲೇಟ್ ಹಾಕಿ ಕಂಬಕ್ಕೆ ಬೋಲ್ಟ್ ಮಾಡಬೇಕು. ವಿನ್ಯಾಸದಲ್ಲಿ ಇವನ್ನು ಸಿಂಪ್ಲಿ ಸಪೋರ್ಟೆಡ್ (ತುದಿಗಳು ಬರೀ ಆಧಾರದ ಮೇಲೆ ಕೂತು, ತಿರುಗಲು ಬಿಡುವಿರುವ) ಎಂದೇ ಪರಿಗಣಿಸಲಾಗಿದೆ. ಎಂಡ್ ಪ್ಲೇಟ್‌ಗಳನ್ನು ಇನ್ನೂ ವೆಲ್ಡ್ ಮಾಡಿಲ್ಲ. ಅದೇ ಸೆಕ್ಷನ್ನಿನ 60 ಮಿ.ಮೀ. ತುಂಡನ್ನು ತುದಿಗೆ ಬಟ್ ವೆಲ್ಡ್ (ಅಂಚಿಗೆ ಅಂಚು ಎದುರಾಗಿಸಿ ಬೆಸುಗೆ) ಮಾಡಿ, ಭದ್ರತೆಗಾಗಿ ಮೇಲೆ ಪ್ಲೇಟ್‌ಗಳನ್ನೂ ಬಡಿದರೆ ಸಾಕು ಎಂದು ನಮ್ಮ ಫೋರ್‌ಮನ್ ಹೇಳುತ್ತಾರೆ. ಇದು ಸರಿಯೇ?

ಉತ್ತರ 1 (ವಿನ್ಯಾಸ ಎಂಜಿನಿಯರ್)

ಡ್ರಾಯಿಂಗ್‌ನಲ್ಲಿ ಇಲ್ಲದ ಜೋಡಣೆಯನ್ನು, ಅದು ಎಷ್ಟೇ ಚೆನ್ನಾಗಿ ಬರುವಂತಿದ್ದರೂ, ವಿನ್ಯಾಸಕಾರರ ಲಿಖಿತ ಒಪ್ಪಿಗೆಯಿಲ್ಲದೆ ಮಾಡಬೇಡಿ. ಅವರನ್ನು ಕೇಳುವಾಗ, ಒಂದು ತುದಿಯಲ್ಲಿ ಖಾಲಿ ಜಾಗ ತುಂಬುವ ದಪ್ಪ ಪ್ಯಾಕಿಂಗ್ ಪ್ಲೇಟ್ ಕೊಟ್ಟು ಅಥವಾ ಜೋಡಣೆಯ ವಿಧವನ್ನೇ ಬದಲಿಸಿ ವೆಲ್ಡನ್ನು ತಪ್ಪಿಸಬಹುದೇ ಎಂದೂ ಕೇಳಿ. ಪ್ಯಾಕಿಂಗ್ ದಪ್ಪವಾದಂತೆ ಬೋಲ್ಟ್‌ಗಳ ಶಿಯರ್ (ಅಡ್ಡಡ್ಡವಾಗಿ ಕತ್ತರಿಸುವ ಬಲ) ತಡೆಯುವ ಸಾಮರ್ಥ್ಯ ಇಳಿಯುವುದರಿಂದ, 60 ಮಿ.ಮೀ.ಗೆ ಅವರು ಒಪ್ಪುವ ಸಂಭವ ಕಡಿಮೆ.

ವೆಲ್ಡ್ ಮಾಡುವುದೇ ಆದರೆ 60 ಮಿ.ಮೀ. ತುಂಡನ್ನು ಮಾತ್ರ ಅಂಟಿಸಬೇಡಿ. ಕೇಳಲು ವಿಚಿತ್ರವೆನಿಸಬಹುದು, ಆದರೆ ಇಲ್ಲಿ ಮಾಡಬೇಕಾದದ್ದು ಬೀಮನ್ನು ಇನ್ನಷ್ಟು ಕತ್ತರಿಸಿ ದೊಡ್ಡ ತುಂಡನ್ನು ಸೇರಿಸುವುದು. ಅಷ್ಟು ಚಿಕ್ಕ ತುಂಡಿನ ಒಂದು ಬದಿಗೆ ಬಟ್ ವೆಲ್ಡ್, ಇನ್ನೊಂದು ಬದಿಗೆ ಎಂಡ್ ಪ್ಲೇಟ್‌ನ ವೆಲ್ಡ್ ಬಂದರೆ, ಎರಡರ ಕಾವೂ ಕುಗ್ಗುವಿಕೆಯ ಒತ್ತಡವೂ ಅಂಗೈಯಗಲದ ಉಕ್ಕಿನಲ್ಲೇ ಸೇರಿಕೊಳ್ಳುತ್ತವೆ. ಸಮನಾಗಿ ಹರಡಿದ ಭಾರವಿರುವ ಬೀಮ್‌ನಲ್ಲಿ ತುದಿಯಿಂದ ಸ್ಪ್ಯಾನಿನ ಹತ್ತನೇ ಒಂದರಷ್ಟು ದೂರದಲ್ಲಿ, ಎಂದರೆ ನಿಮ್ಮ ಲೆಕ್ಕದಲ್ಲಿ 700 ಮಿ.ಮೀ.ನಲ್ಲಿ, ಬೆಂಡಿಂಗ್ ಮೊಮೆಂಟ್ (ಬೀಮನ್ನು ಬಾಗಿಸುವ ಪರಿಣಾಮ) ನಡುವಿನದರ ಶೇ. 36 ಮಾತ್ರ, ಕಾಲು ಸ್ಪ್ಯಾನಿಗೆ ಹೋದರೆ ಅದು ಶೇ. 75ಕ್ಕೆ ಏರುತ್ತದೆ. ಆದ್ದರಿಂದ 640 ಕತ್ತರಿಸಿ 700 ಸೇರಿಸುವುದು ನನ್ನ ಸಲಹೆ. ಆದರೆ ಅಲ್ಲಿ ಶಿಯರ್ ಇನ್ನೂ ತುದಿಯದರ ಶೇ. 80ರಷ್ಟು ಇರುತ್ತದೆಯಾದ್ದರಿಂದ ವೆಬ್‌ನ ವೆಲ್ಡನ್ನು ಹಗುರವಾಗಿ ಕಾಣುವಂತಿಲ್ಲ.

ಮೇಲಿನ ಪ್ಲೇಟ್‌ಗಳು ಬೇಡವೇ ಬೇಡ. ಸರಿಯಾದ ಎಲೆಕ್ಟ್ರೋಡ್‌ನಿಂದ ಮಾಡಿದ ಫುಲ್ ಪೆನೆಟ್ರೇಷನ್ (ಪೂರ್ತಿ ದಪ್ಪಕ್ಕೂ ಇಳಿಯುವ) ವೆಲ್ಡ್ ಸ್ಥಿರ ಭಾರಕ್ಕೆ ಮೂಲ ಸೆಕ್ಷನ್ನಿನಷ್ಟೇ ಬಲ ಕೊಡುತ್ತದೆ. ಅದು ಕೆಟ್ಟಿದ್ದರೆ ಪ್ಲೇಟ್ ಅದನ್ನು ಮರೆಮಾಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಭಾರ ಮತ್ತೆ ಮತ್ತೆ ಬಂದು ಹೋಗುವ ಕ್ರೇನ್ ಬೀಮ್ ಆಗಿದ್ದರೆ ಈ ಉತ್ತರವೇ ಬೇರೆಯಾಗುತ್ತಿತ್ತು: ಯೂರೋಪಿನ ಉಕ್ಕಿನ ವಿನ್ಯಾಸ ಸಂಹಿತೆಯಾದ ಯೂರೋಕೋಡ್ 3ರ ಭಾಗ 1-9ರಲ್ಲಿ, ಪ್ಲೇಟ್‌ಗಳ ಅಡ್ಡ ಬಟ್ ವೆಲ್ಡನ್ನು ಮಟ್ಟವಾಗಿ ಗ್ರೈಂಡ್ ಮಾಡಿದರೆ ಫ್ಯಾಟಿಗ್ ವರ್ಗ (ಮರುಕಳಿಸುವ ಭಾರ ತಾಳುವ ಮಟ್ಟ; ಹೆಚ್ಚಿದ್ದಷ್ಟೂ ಒಳ್ಳೆಯದು) 112 ಸಿಗಬಹುದು, ಬ್ಯಾಕಿಂಗ್ ಪಟ್ಟಿಯನ್ನು (ವೆಲ್ಡಿನ ತಳಕ್ಕೆ ಇಡುವ ಉಕ್ಕಿನ ಪಟ್ಟಿ) ಹಾಗೆಯೇ ಬಿಟ್ಟರೆ ಹೆಚ್ಚೆಂದರೆ 71.

ಉತ್ತರ 2 (ವೆಲ್ಡಿಂಗ್ ಇನ್‌ಸ್ಪೆಕ್ಟರ್)

60 ಮಿ.ಮೀ. ತುಂಡು ಬೇಡವೆಂಬ ಮೇಲಿನ ಮಾತಿಗೆ ಪರೀಕ್ಷೆಯ ಕಡೆಯಿಂದಲೂ ಒಂದು ಕಾರಣ ಕೊಡುತ್ತೇನೆ. 16 ಮಿ.ಮೀ. ಫ್ಲಾಂಜನ್ನು 70 ಡಿಗ್ರಿ ಪ್ರೋಬ್‌ನಿಂದ (ಧ್ವನಿಯನ್ನು ಓರೆಯಾಗಿ ಉಕ್ಕಿನೊಳಕ್ಕೆ ಕಳಿಸುವ ಸಾಧನ) ಅಲ್ಟ್ರಾಸಾನಿಕ್ ಪರೀಕ್ಷೆ ಮಾಡುವಾಗ, ಧ್ವನಿತರಂಗ ತಳಕ್ಕೆ ಬಡಿದು ಮೇಲಕ್ಕೆ ಮರಳುವಷ್ಟರಲ್ಲಿ ಸುಮಾರು 88 ಮಿ.ಮೀ. ಮುಂದೆ ಹೋಗಿರುತ್ತದೆ. 60 ಮಿ.ಮೀ. ತುಂಡಿನ ಮೇಲೆ ಪ್ರೋಬನ್ನು ಅಷ್ಟು ಹಿಂದಕ್ಕೆ ಸರಿಸಲು ಜಾಗವೇ ಇಲ್ಲ.

ಫ್ಲಾಂಜ್‌ಗಳಿಗೆ 45 ಡಿಗ್ರಿ ಬೆವೆಲ್ (ಅಂಚಿನ ಓರೆ ಕಟ್ಟು), 6 ಮಿ.ಮೀ. ರೂಟ್ ಗ್ಯಾಪ್ (ತಳದಲ್ಲಿ ಎರಡು ತುಂಡುಗಳ ನಡುವಿನ ಸಂದಿ), ಕೆಳಗೆ ಬ್ಯಾಕಿಂಗ್ ಪಟ್ಟಿ ಇಡುವುದು ಬಳಕೆಯಲ್ಲಿರುವ ಕ್ರಮ. ಫ್ಲಾಂಜ್‌ನ ವೆಲ್ಡ್ ವೆಬ್‌ನ ಬಳಿ ತುಂಡಾಗದೆ ಒಂದೇ ಸಮನೆ ಸಾಗುವಂತೆ, ವೆಬ್‌ನಲ್ಲಿ ಆಕ್ಸೆಸ್ ಹೋಲ್ ಕತ್ತರಿಸಿ ಅದರ ಅಂಚನ್ನು ನುಣುಪಾಗಿ ಗ್ರೈಂಡ್ ಮಾಡಿ. ಫ್ಲಾಂಜ್‌ನ ಎರಡೂ ಅಂಚುಗಳಿಗೆ ರನ್-ಆಫ್ ಪ್ಲೇಟ್ ಟ್ಯಾಕ್ ಮಾಡಿ, ವೆಲ್ಡಿನ ಆರಂಭ ಮತ್ತು ಕೊನೆ ಅದರ ಮೇಲೆ ಬರುವಂತೆ ನೋಡಿಕೊಂಡು, ಮುಗಿದ ಮೇಲೆ ಕತ್ತರಿಸಿ ತೆಗೆಯಿರಿ. ಎಲೆಕ್ಟ್ರೋಡ್ 7018 (ಹೈಡ್ರೋಜನ್ ಕಡಿಮೆ ಇರುವ ಬಗೆ) ಆಗಿರಲಿ, ತೇವ ಹಿಡಿಯದಂತೆ ಓವನ್‌ನಿಂದಲೇ ಬರಲಿ.

ಬ್ಯಾಕಿಂಗ್ ಪಟ್ಟಿಯ ಬಗ್ಗೆ ಒಂದು ಅನುಭವ. ಒಂದು ಕೆಲಸದಲ್ಲಿ ಉದ್ದದ ಪಟ್ಟಿ ಸಿಗದೆ ಎರಡು ತುಂಡುಗಳನ್ನು ಒತ್ತಾಗಿ ಇಟ್ಟಿದ್ದರು. ಅವುಗಳ ನಡುವೆ ಉಗುರು ತೂರುವಷ್ಟು ಸಂದಿ ಉಳಿದಿತ್ತು. ವೆಲ್ಡ್ ತಣಿಯುವಾಗ ಬಿರುಕು ಸರಿಯಾಗಿ ಆ ಸಂದಿಯಿಂದಲೇ ಎದ್ದಿತು. ಪಟ್ಟಿ ಅಖಂಡವಾಗಿರಬೇಕು.

ಬಟ್ ವೆಲ್ಡ್ ತಣಿಯುವಾಗ ಉದ್ದದಲ್ಲಿ ಸುಮಾರು 2 ಮಿ.ಮೀ. ಎಳೆದುಕೊಳ್ಳುತ್ತದೆ. ಆದ್ದರಿಂದ ತುಂಡನ್ನು 700ಕ್ಕೆ ಕತ್ತರಿಸದೆ, ರೂಟ್ ಗ್ಯಾಪಿನ 6 ಕಳೆದು ಈ 2 ಕೂಡಿಸಿ, 696ಕ್ಕೆ ಕತ್ತರಿಸಿ. ಇಲ್ಲದಿದ್ದರೆ ಅಳತೆ ಮತ್ತೆ ತಪ್ಪುತ್ತದೆ.

ಉತ್ತರ 3

ನೇರವಾಗಿ ಕತ್ತರಿಸುವುದಕ್ಕಿಂತ, ಫ್ಲಾಂಜ್ ಮತ್ತು ವೆಬ್‌ಗಳ ವೆಲ್ಡ್ ಒಂದೇ ಸಾಲಿನಲ್ಲಿ ಬಾರದಂತೆ ಮೆಟ್ಟಿಲಾಕಾರದಲ್ಲಿ ಕತ್ತರಿಸುವುದು ಒಳ್ಳೆಯದಲ್ಲವೇ? ನಾವು ಹಾಗೆಯೇ ಮಾಡುತ್ತಾ ಬಂದಿದ್ದೇವೆ.

ಉತ್ತರ 4 (ವೆಲ್ಡಿಂಗ್ ಇನ್‌ಸ್ಪೆಕ್ಟರ್)

ಪ್ಲೇಟ್‌ಗಳಿಂದ ಕಟ್ಟುವ ಗರ್ಡರ್‌ನಲ್ಲಿ ಅದು ಸಹಜ, ಏಕೆಂದರೆ ಅಲ್ಲಿ ಫ್ಲಾಂಜ್ ಮತ್ತು ವೆಬ್‌ಗಳನ್ನು ಬೇರೆ ಬೇರೆಯಾಗಿ ಜೋಡಿಸಿ, ಆಮೇಲೆ ಒಂದಾಗಿಸುತ್ತಾರೆ. ರೋಲ್ ಆದ ಸೆಕ್ಷನ್ನಿನಲ್ಲಿ ಮೆಟ್ಟಿಲು ಕತ್ತರಿಸಿದರೆ ಒಳಮೂಲೆಗಳು ಹುಟ್ಟುತ್ತವೆ, ಫಿಟ್-ಅಪ್ (ತುಂಡುಗಳನ್ನು ಹೊಂದಿಸುವುದು) ಕಷ್ಟವಾಗುತ್ತದೆ. ಒಳ್ಳೆಯ ಆಕ್ಸೆಸ್ ಹೋಲ್ ಇರುವ ನೇರ ಕಟ್ಟನ್ನೇ ನಾನು ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಂದ

ವಿನ್ಯಾಸಕಾರರು 640 ಕತ್ತರಿಸಿ 700 ಸೇರಿಸಲು ಒಪ್ಪಿದ್ದಾರೆ. ಎರಡೂ ಫ್ಲಾಂಜ್‌ಗಳಿಗೆ ಪೂರ್ಣ ಅಲ್ಟ್ರಾಸಾನಿಕ್ ಪರೀಕ್ಷೆ ಕೇಳಿದ್ದಾರೆ. ಈಗ ಇನ್ನೊಂದು ತೊಡಕು: ನಮ್ಮಲ್ಲಿರುವ ಉಳಿಕೆ ತುಂಡಿನ ಮೇಲೆ ಹೀಟ್ ನಂಬರ್ (ಆ ಉಕ್ಕು ಯಾವ ಎರಕದ್ದೆಂದು ತಿಳಿಸುವ ಕಾರ್ಖಾನೆಯ ಗುರುತು) ಅಳಿಸಿಹೋಗಿದೆ. ಸೆಕ್ಷನ್ ಮಾತ್ರ ಅದೇ.

ಉತ್ತರ 5 (ವಿನ್ಯಾಸ ಎಂಜಿನಿಯರ್)

ಅಳತೆ ಒಂದೇ ಆದ ಮಾತ್ರಕ್ಕೆ ಗ್ರೇಡ್ ಒಂದೇ ಆಗುವುದಿಲ್ಲ. ಕಾರ್ಬನ್ ಹೆಚ್ಚಿದ್ದರೆ ಪ್ರೀಹೀಟ್ (ವೆಲ್ಡಿಗೆ ಮುನ್ನ ಕಾಯಿಸುವುದು) ಕೂಡ ಬದಲಾಗುತ್ತದೆ. ಗುರುತು ಉಳಿದಿರುವ ಉದ್ದದ ಬಾರಿನಿಂದಲೇ 696 ಕತ್ತರಿಸಿ, ಕತ್ತರಿಸುವ ಮೊದಲೇ ಹೀಟ್ ನಂಬರನ್ನು ತುಂಡಿನ ಮೇಲೆ ಬರೆದುಕೊಳ್ಳಿ. ಅಂಥದ್ದು ಸಿಗದಿದ್ದರೆ, ಆ ಉಳಿಕೆಯ ರಾಸಾಯನಿಕ ಮತ್ತು ಟೆನ್ಸೈಲ್ (ಎಳೆತದ) ಪರೀಕ್ಷೆ ಮಾಡಿಸಿ, ವರದಿಯನ್ನು ವಿನ್ಯಾಸಕಾರರು ನೋಡಿ ಒಪ್ಪುವವರೆಗೆ ಅದನ್ನು ಪಕ್ಕಕ್ಕಿಡಿ.