ಟೊಮೆಟೊ ಗಿಡಕ್ಕೆ ವಿಟಮಿನ್ ಸಿ ಮಾತ್ರೆ: ತಜ್ಞೆಯನ್ನು ಕೇಳಿ

ನಿರ್ವಾಹಕರು: ವಾರದಿಂದ ಓಡಾಡುತ್ತಿರುವ 'ಹದಿನಾರು ಲೀಟರ್ ಕ್ಯಾನಿಗೆ ಹತ್ತು ವಿಟಮಿನ್ ಸಿ ಮಾತ್ರೆ, ಬಿಸಿಲಿನ ಭಯವಿಲ್ಲ' ಎಂಬ ಸಂದೇಶದ ಬಗ್ಗೆ ಇಂದು ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಚಿಂತಾಮಣಿ ಬೆಳೆಗಾರ: ಮೇಡಂ, ನಮಸ್ಕಾರ. ಅದರಿಂದ ಗಿಡ ನಿಜವಾಗಿಯೂ ಬಿಸಿಲು ತಡೆಯುತ್ತದೆಯೇ?

ತಜ್ಞೆ: ನಮಸ್ಕಾರ. ವಿಟಮಿನ್ ಸಿಯನ್ನು ಗಿಡ ತಾನೇ ತಯಾರಿಸಿಕೊಳ್ಳುತ್ತದೆ. ಅದು ಸಾಧ್ಯವಾಗದಿರುವುದು ನಮಗೆ. ಬಿಸಿಲು ಏರಿ ನೀರು ಕಡಿಮೆಯಾದಾಗ ಎಲೆಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಿ ಹಾನಿ ಮಾಡುತ್ತದೆ, ಅದನ್ನು ಅಳಿಸಲು ಈ ವಿಟಮಿನ್ ಬೇಕು. ಶುದ್ಧ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಸಿಂಪಡಿಸಿದ ಪ್ರಯೋಗಗಳಲ್ಲಿ ಅನುಕೂಲ ಕಂಡದ್ದುಂಟು. ಆದರೆ ನೀರಿನಲ್ಲಿ ಕರಗಿಸಿಟ್ಟರೆ ಅದು ಬೇಗ ಕೆಡುತ್ತದೆ. ಚೀಪುವ ಮಾತ್ರೆಯಲ್ಲಿ ಸಕ್ಕರೆ, ಬಣ್ಣ, ಪರಿಮಳವೂ ಇರುತ್ತವೆ. ನಿಮ್ಮ ದುಡ್ಡು.

ಶಿರಾ: ರಾಗಿಗೂ ಹಾಕಬಹುದೇ?

ತಜ್ಞೆ: ಮೇಲಿನದನ್ನು ಓದಿ.

ಹಿರಿಯೂರು: ದಾಳಿಂಬೆ ಕಾಯಿ ಒಂದು ಮಗ್ಗುಲು ಸುಡುತ್ತಿದೆ. ಏನು ಮಾಡಲಿ?

ಮುಳಬಾಗಿಲು: ಮೇಡಂ, ನಾನು ಹಾಕಿಬಿಟ್ಟೆ. ಹತ್ತು ಮಾತ್ರೆ, ಆರು ನಿಂಬೆಹಣ್ಣಿನ ರಸ. ಅಂಗಮಾರಿ ರೋಗಕ್ಕೆಂದು ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಕೂಡ ಅದೇ ಕ್ಯಾನಿಗೆ. ಮೂರನೆಯ ದಿನಕ್ಕೆ ಎಲೆಯ ಅಂಚೆಲ್ಲ ಕಂದಾಗಿ ಹಪ್ಪಳದಂತೆ ಮುರಿಯುತ್ತಿದೆ.

ತಜ್ಞೆ: ಯಾವ ನೀರು? ಎಷ್ಟು ಹೊತ್ತಿಗೆ ಹೊಡೆದಿರಿ?

ಮುಳಬಾಗಿಲು: ಕೃಷಿ ಹೊಂಡದ ಮಳೆನೀರು. ಬೋರ್‌ವೆಲ್ ನೀರು ಗಡಸೆಂದು ಬಿಟ್ಟೆ. ಬೆರೆಸಿಟ್ಟು ಊಟ ಮಾಡಿ ಎರಡು ಗಂಟೆಗೆ.

ತಜ್ಞೆ: ನನಗೆ ಆತಂಕವಾಗಿರುವುದು ಇದೇ. ಕಾಪರ್ ಆಕ್ಸಿಕ್ಲೋರೈಡ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಎಲೆಯ ಮೇಲೆ ಪುಡಿಯಾಗಿ ಕುಳಿತು ತಾಮ್ರವನ್ನು ಚೂರುಚೂರೇ ಬಿಡುತ್ತದೆ. ಎಲೆ ಅದನ್ನು ಸಹಿಸುವುದು ಆ ಕಾರಣಕ್ಕೆ. ಹುಳಿ ಸೇರಿದರೆ ತಾಮ್ರ ಬೇಕಾದ್ದಕ್ಕಿಂತ ಹೆಚ್ಚು ಕರಗಿ ಎಲೆಯನ್ನು ಸುಡುತ್ತದೆ. ಬೋರ್‌ವೆಲ್ ನೀರಿನ ಕ್ಷಾರ ಒಂದಿಷ್ಟು ಹುಳಿಯನ್ನಾದರೂ ನುಂಗುತ್ತಿತ್ತು, ಮಳೆನೀರಿಗೆ ಆ ಕಸುವಿಲ್ಲ. ಇನ್ನೂ ಒಂದಿದೆ. ಕರಗಿದ ತಾಮ್ರದ ಜೊತೆ ವಿಟಮಿನ್ ಸಿ ವೇಗವಾಗಿ ಕೆಡುತ್ತದೆ, ಕೆಡುವಾಗ ಹುಟ್ಟುವುದು ಅದೇ ಹೈಡ್ರೋಜನ್ ಪೆರಾಕ್ಸೈಡ್! ನೀವು ಊಟ ಮಾಡುವಷ್ಟರಲ್ಲಿ ಕ್ಯಾನಿನೊಳಗೆ ಅದು ನಡೆದಿರುತ್ತದೆ. ಮೇಲೆ ಎರಡು ಗಂಟೆಯ ಬಿಸಿಲು.
ಸುಟ್ಟ ಎಲೆಗಳನ್ನು ಕೀಳಬೇಡಿ, ಕಾಯಿಗೆ ಅವೇ ನೆರಳು. ಹನಿ ನೀರು ತಪ್ಪಿಸಬೇಡಿ. ಒಂದು ವಾರ ಏನನ್ನೂ ಸಿಂಪಡಿಸಬೇಡಿ, ಏನನ್ನೂ. ಹೊಸ ಚಿಗುರಿನಲ್ಲೂ ಕಂದು ಕಂಡರೆ ಅದು ರೋಗವಿರಬಹುದು. ಎಲೆ ಹಿಡಿದು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ.

ಗೌರಿಬಿದನೂರು: ಹೊರಗಿನಿಂದ ಹಾಕುವ ಬದಲು ಗಿಡವೇ ಹೆಚ್ಚು ತಯಾರಿಸುವಂತೆ ತಳಿ ಮಾಡಲಾಗದೇ?

ತಜ್ಞೆ: ಒಳ್ಳೆಯ ಪ್ರಶ್ನೆ. ವಿಟಮಿನ್ ಸಾಕಷ್ಟಾದಾಗ ತಯಾರಿಕೆಯನ್ನು ನಿಲ್ಲಿಸುವ ತಡೆಯೊಂದು ಗಿಡದ ವಂಶವಾಹಿಯಲ್ಲೇ ಇದೆ. 2018ರಲ್ಲಿ ಚೀನಾದ ವಿಜ್ಞಾನಿಗಳು ಲೆಟಿಸ್ ಸೊಪ್ಪಿನಲ್ಲಿ ಆ ತಡೆಯನ್ನು ವಂಶವಾಹಿ ತಿದ್ದುವ ತಂತ್ರದಿಂದ (ಜೀನ್ ಎಡಿಟಿಂಗ್) ತೆಗೆದಾಗ ವಿಟಮಿನ್ ಸುಮಾರು 150 ಶೇಕಡಾ ಹೆಚ್ಚಿತು. ಟೊಮೆಟೊದಲ್ಲಿ ಅದೇ ತಡೆ ಕೆಟ್ಟಾಗ ಹಣ್ಣಿನಲ್ಲಿ ವಿಟಮಿನ್ ಏರಿತು, ಪರಾಗ ಬರಡಾಯಿತು. ತಂಬಾಕಿನ ಕತೆ ಇನ್ನೂ ವಿಚಿತ್ರ: ಬಳಸಿದ ವಿಟಮಿನ್ನನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುವ ಕಿಣ್ವವನ್ನು ಹೆಚ್ಚಿಸಿದರೆ ಎಲೆಯ ರಂಧ್ರಗಳು ಹೆಚ್ಚು ತೆರೆದುಕೊಂಡು, ಬರದಲ್ಲಿ ನೀರು ಬೇಗ ಸೋರಿಹೋಯಿತು. ರಂಧ್ರ ಮುಚ್ಚಲು ಒಂದಿಷ್ಟು ಪೆರಾಕ್ಸೈಡ್ ಬೇಕು.

ಸಾವಯವ ಕೃಷಿಕ: ಅಂದರೆ ಕುಲಾಂತರಿ ವಿಷವನ್ನು ಹಿಂಬಾಗಿಲಿನಿಂದ ತರುವುದು.

ಗೌರಿಬಿದನೂರು: ಹೊರಗಿನ ವಂಶವಾಹಿ ಸೇರಿಸಿದರೆ ಕುಲಾಂತರಿ. ಲೆಟಿಸ್‌ನಲ್ಲಿ ಇದ್ದದ್ದನ್ನೇ ತಿದ್ದಿದ್ದು, ಸೇರಿಸಿಲ್ಲ. 2022ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥವಕ್ಕೆ ಜೈವಿಕ ಸುರಕ್ಷತೆಯ ಕೆಲವು ನಿಯಮಗಳಿಂದ ವಿನಾಯಿತಿ ಕೊಟ್ಟಿದೆ.

ಸಾವಯವ ಕೃಷಿಕ: ಕೊಟ್ಟವರು ತಿನ್ನುತ್ತಾರೆಯೇ? ನಮ್ಮ ತಾತ ಹುಳಿ ಮಜ್ಜಿಗೆಯಲ್ಲೇ ಬೆಳೆ ತೆಗೆದರು.

ಗೌರಿಬಿದನೂರು: ನೀವು ನೆಟ್ಟಿರುವ ಹೈಬ್ರಿಡ್ ಸಸಿ ತಾತನದೇ?

ಸಾವಯವ ಕೃಷಿಕ: ತಾತನ ಸುದ್ದಿಗೆ ಬರಬೇಡಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಶಿರಾ: ಹಾಗಾದರೆ ಮಜ್ಜಿಗೆಗೆ ಮಾತ್ರೆ ಬೆರೆಸಬಹುದೇ?

ತಜ್ಞೆ: ಬೇಡ.

ಮಾಲೂರು: ಅವಧಿ ಮೀರಿದ ಮಾತ್ರೆ ಆಗುತ್ತದೆಯೇ? ಮೆಡಿಕಲ್ ಸ್ಟೋರಿನವರು ಸುಮ್ಮನೆ ಕೊಡುತ್ತಾರಂತೆ.

ತಜ್ಞೆ: ಇಷ್ಟು ಹೊತ್ತು ನಾನು ಬರೆದದ್ದು ಯಾರಿಗೆ? ಆ ಸಂದೇಶ ಬರೆದವನಿಗೆ ಹೊಲವಿದೆಯೋ ಇಲ್ಲವೋ, ನಿಮಗಿದೆ.

ಮುಳಬಾಗಿಲು: ಮೇಡಂ, ಮಾತ್ರೆ, ನಿಂಬೆರಸ ಮುಗಿದದ್ದರಿಂದ ಕೊನೆಯ ನಾಲ್ಕು ಸಾಲಿಗೆ ಕಾಪರ್ ಮಾತ್ರ ಹೊಡೆದಿದ್ದೆ. ಅವು ಹಸಿರಾಗಿಯೇ ಇವೆ.

ತಜ್ಞೆ: ಇದನ್ನು ಮೊದಲೇ ಹೇಳಬಾರದಿತ್ತೇ! ಎರಡೂ ಕಡೆಯ ಚಿತ್ರ ಹಾಕಿ, ಎಲೆಯ ಹಿಂಬದಿಯದೂ ಬೇಕು.

ಹಿರಿಯೂರು: ಮೇಡಂ, ದಾಳಿಂಬೆ?